ಬೀಸುಕಲ್ಲಿನ ಹಿಟ್ಟು

ನಮ್ಮ ಮನೆಯವರ ಕೆಲಸ ಎಲುಬು ನೋಡುವುದು. ಗುರುತು ಸಿಗದ ಅಸ್ಥಿಪಂಜರ ಸಿಕ್ಕರೆ ಪೊಲೀಸರು ಅವರ ಕಾಲೇಜಿಗೆ ಕಳಿಸುತ್ತಿದ್ದರು. ಗಂಡೋ ಹೆಣ್ಣೋ, ವಯಸ್ಸೆಷ್ಟು, ಯಾರಿರಬಹುದು ಎಂದು ಇವರು ಬರೆದುಕೊಡಬೇಕು. ಮದುವೆಯಾದ ಹೊಸದರಲ್ಲಿ ಇದು ತಿಳಿದು ದೇವರ ಮನೆಯಲ್ಲಿ ಕೂತು ಅತ್ತಿದ್ದೆ. ಆಮೇಲೆ ಒಂದು ಏರ್ಪಾಡಾಯಿತು. ಸಂಜೆ ಅವರು ಹಿತ್ತಿಲಿಂದ ಬಂದು, ಸ್ನಾನ ಮಾಡಿಯೇ ಒಳಗೆ ಕಾಲಿಡಬೇಕು; ಎಲುಬಿನ ಮಾತು ಹೊಸಿಲು ದಾಟಬಾರದು. ಒಂದು ದಿನವೂ ಅವರು ಎದುರಾಡಲಿಲ್ಲ. ಅಂಥ ಗಂಡನನ್ನು ಕೊಟ್ಟದ್ದಕ್ಕೆ ಇವತ್ತಿಗೂ ದೀಪ ಹಚ್ಚುವಾಗ ಕೈಮುಗಿಯುತ್ತೇನೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾವು ದಾಸರಹಳ್ಳಿಯಲ್ಲಿ ಬಾಡಿಗೆಗಿದ್ದೆವು. ಮನೆಯೊಡತಿ ಅದೇ ಊರಿನ ಒಕ್ಕಲು ಮನೆಯವಳು, ನನಗಿಂತ ಚಿಕ್ಕವಳು. ಹೊಲದ ಅರ್ಧ ಪೀಣ್ಯದ ಕಾರ್ಖಾನೆಗಳಿಗೆ ಹೋಗಿತ್ತು. ಉಳಿದರ್ಧದಲ್ಲಿ ರಾಗಿ ಬೆಳೆದು, ಮಿಲ್ಲಿನ ಹಿಟ್ಟಿಗೆ ರುಚಿಯಿಲ್ಲವೆಂದು ಬೀಸುಕಲ್ಲಿನಲ್ಲೇ ಬೀಸಿ, ನಮಗೂ ಒಂದು ಸೇರು ಕೊಡುತ್ತಿದ್ದಳು. ಅವಳ ಗಂಡ ಐದು ವರ್ಷದ ಹಿಂದೆ ಸಂತೆಗೆ ಹೋದವನು ತಿರುಗಿ ಬಂದಿರಲಿಲ್ಲ. ಆದರೂ ಹಣೆಯ ಕುಂಕುಮ ಕಾಸಿನಗಲ.

ಒಂದು ಬೇಸಿಗೆಯಲ್ಲಿ ಲಗ್ಗೆರೆ ಕಡೆ ಶೆಡ್ಡಿಗೆ ಪಾಯ ತೋಡುವಾಗ ಹಾಳುಬಾವಿಯೊಂದರಲ್ಲಿ ಮನುಷ್ಯನ ಎಲುಬು ಸಿಕ್ಕವು. ತನ್ನ ತಮ್ಮನೇ ಅದು ಎಂದು ಅವಳ ಭಾವ ಊರಿಗೆಲ್ಲ ಸಾರಿಬಿಟ್ಟ. ಅವಳು ನಮ್ಮ ಹಿತ್ತಿಲಿಗೆ ಬಂದು ನಿಂತಳು.

“ಅಕ್ಕಾ, ಸೋಮಾರ ಬಳೆ ಒಡಿಸ್ತೀವಿ, ತಿಥಿ ಮಾಡ್ತೀವಿ ಅಂತವ್ರೆ. ನಿಮ್ಮ ಯಜಮಾನ್ರು ಮೂಳೆ ನೋಡ್ತಾರಂತಲ್ಲ? ಅವ್ರು ಔದು ಅಂದ್ರೆ ನಾನೇ ಒಡ್ಕೊತೀನಿ. ಅಲ್ದಿದ್ರೆ ಬ್ಯಾಗ ಯೋಳಕ್ಕೇಳಿ.”

ಅಂದು ಸಂಜೆ ನನ್ನ ಕಟ್ಟುಪಾಡನ್ನು ನಾನೇ ಮುರಿದೆ. ಬಚ್ಚಲ ಬಾಗಿಲಾಚೆ ನಿಂತು ಕೇಳಿದೆ.

“ಹೇಳಬಾರದು ಕಣೇ,” ಎಂದರು. ಸ್ವಲ್ಪ ಹೊತ್ತು ತಂಬಿಗೆಯ ಸದ್ದು. “ಗಂಡಸು. ಹಲ್ಲು ಚೆನ್ನಾಗಿ ಸವೆದಿದೆ. ನಲವತ್ತರ ಮೇಲೇ ಇರಬೇಕು. ಅವಳ ಗಂಡನಿಗೂ ಅಷ್ಟೇ ಅಂತೆ.”

ಅವಳು ಕೊಟ್ಟ ಹಿಟ್ಟಿನಲ್ಲೇ ರೊಟ್ಟಿ ತಟ್ಟಿ ಬಡಿಸಿದೆ. ತಿನ್ನುವಾಗ ಎಂದಿನಂತೆ ಹಲ್ಲಿಗೆ ಕರಕರ ಸಿಕ್ಕಿತು, ಬೀಸುಕಲ್ಲಿನ ಪುಡಿ. ಆಗ ಅವಳ ನಗು ನೆನಪಾಯಿತು.

“ರೀ, ಅವಳ ಹಲ್ಲು ನೋಡಿದೀರಾ? ಇನ್ನೂ ಮೂವತ್ತಾಗಿಲ್ಲ, ಅರ್ಧ ಸವೆದಿದೆ. ಹುಟ್ಟಿದಾಗಿಂದ ಈ ಹಿಟ್ಟು ತಿಂದವರಿಗೆ ನಿಮ್ಮ ಪುಸ್ತಕದ ಲೆಕ್ಕ ಹೊಂದುತ್ತಾ?”

“ಮುದ್ದೆ ಯಾರೇ ಅಗೀತಾರೆ? ನುಂಗೋದಲ್ವಾ?”

“ರೊಟ್ಟಿನೂ ನುಂಗ್ತೀರಾ? ಎಲ್ಲಿ, ನುಂಗಿ ನೋಡೋಣ.”

ಅವರು ನಗಲಿಲ್ಲ. ಕೈಯಲ್ಲಿದ್ದ ತುತ್ತನ್ನೇ ನೋಡುತ್ತಾ ಕೂತರು.

ಮರುದಿನ ಭಾನುವಾರ. ಆದರೂ ಮೊದಲ ಬಸ್ಸಿಗೇ ಕಾಲೇಜಿಗೆ ಹೋದರು. ಮಧ್ಯಾಹ್ನ ಬಂದದ್ದು ಮುಂಬಾಗಿಲಿಂದ, ಚಪ್ಪಲಿ ಬಿಡುವುದನ್ನೂ ಮರೆತು.

“ಕೊರಳ ಕೆಳಗಿನ ಎಲುಬಿನ ತುದಿ ಇನ್ನೂ ಕೂಡಿಕೊಂಡಿಲ್ಲ, ಮೂವತ್ತರೊಳಗೆ ಅದು ಕೂಡಿಬಿಡುತ್ತೆ. ಅದೇ ಮೊದಲು ನೋಡಬೇಕಿತ್ತು ನಾನು. ಇಪ್ಪತ್ತರ ಆಸುಪಾಸಿನ ಹುಡುಗ ಕಣೇ! ವರದಿ ಬರೆದುಕೊಟ್ಟೇ ಬಂದೆ.”

ಮೈಲಿಗೆಯ ಮಾತು ನನ್ನ ಬಾಯಿಗೆ ಬರಲಿಲ್ಲ. “ಮೊದಲು ಅವಳಿಗೆ ಹೇಳಿ,” ಎಂದೆ.

ಅವಳು ಕೇಳಿ ಮೆಟ್ಟಿಲ ಮೇಲೆ ಕೂತಳು. ಬಳೆಗಳನ್ನು ಒಂದೊಂದಾಗಿ ತಿರುಗಿಸಿದಳು. “ಬದ್ಕವ್ರೋ ಇಲ್ವೋ ಕಾಣೆ ಸ್ವಾಮಿ. ಆ ಬಾವೀಲಿಲ್ವಲ್ಲ, ಅಷ್ಟು ಸಾಕು.” ಆಮೇಲೆ, “ಅಂಗಾರೆ ಆ ಮಗ ಯಾರ್ದು?” ಎಂದಳು.



ಸೋಮವಾರ ತಿಥಿ ನಡೆಯಲಿಲ್ಲ. ಅವಳು ತನ್ನ ತುಳಸಿಕಟ್ಟೆಯಲ್ಲಿ ಹೆಸರು ತಿಳಿಯದ ಆ ಹುಡುಗನಿಗಾಗಿ ಒಂದು ದೀಪ ಇಟ್ಟಳು. ಎಣ್ಣೆ ನಾನು ಹಾಕಿದೆ. ನಾವು ಆ ಮನೆ ಬಿಡುವವರೆಗೂ ಅವಳ ಗಂಡ ಬರಲಿಲ್ಲ. ಪ್ರತಿ ವರ್ಷ ಗೌರಿಹಬ್ಬಕ್ಕೆ ಬಾಗಿನ ತೆಗೆದುಕೊಳ್ಳಲು ಮಾತ್ರ ಅವಳು ಕೈತುಂಬ ಬಳೆ ತೊಟ್ಟು ಬಂದಳು.

ಮುಂದೆ ಕಾಣೆಯಾದವರ ಎಷ್ಟೋ ಮನೆಯವರನ್ನು ಇವರು ವಿಚಾರಿಸಬೇಕಾಯಿತು. “ನಿಮ್ಮನೇಲಿ ಹಿಟ್ಟು ಎಲ್ಲಿ ಬೀಸ್ತೀರಿ?” ಎಂದೇ ಶುರು ಮಾಡುತ್ತಿದ್ದರಂತೆ. ಸ್ನಾನದ ಕಟ್ಟುಪಾಡು ಉಳಿಯಿತು, ಆದರೆ ಅಂದಿನಿಂದ ಅವರು ಬರುವ ಹೊತ್ತಿಗೆ ನೀರು ಕಾಯಿಸಿಟ್ಟಿರುತ್ತಿದ್ದೆ. ಅಲ್ಲಿಯವರೆಗೆ ಪಾಪ, ತಣ್ಣೀರೇ.