ಗೋಪುರದ ಹೊಸ ಬೀಗ

ಸ್ವೀಡನ್ನಿನ ಕಾರ್ಲ್‌ಸ್ಕ್ರೂನಾ ಪಟ್ಟಣದಿಂದ ಎರಡು ಬಸ್ಸು ಬದಲಿಸಿ ಹೋಗಬೇಕಾದ ಸ್ಟೆನ್‌ಹುಲ್ಟ್ ಎಂಬ ಹಳ್ಳಿಯ ಚರ್ಚಿಗೆ ಎಂಟುನೂರು ವರ್ಷ. ಕಡಲ್ಗಳ್ಳರು ಬಂದಾಗ ಊರಿಗೆ ಊರೇ ಒಳಗೆ ಸೇರಿ ಅಗಳಿ ಜಡಿದುಕೊಳ್ಳಲೆಂದು ಕಟ್ಟಿದ್ದು. ಆಳುದ್ದ ದಪ್ಪದ ಗೋಡೆ, ಬಾಣ ಬಿಡಲು ಸೀಳುಕಿಂಡಿ. ಈಗ ಕಳ್ಳರೂ ಬರುವುದಿಲ್ಲ, ಊರೂ ಬರುವುದಿಲ್ಲ. ಭಾನುವಾರ ನಾಲ್ವರು ಮುದುಕಿಯರು ಬಂದರೆ ಅದೇ ಹಬ್ಬ.

ಇದರ ಪಾರುಪತ್ಯ ಬಾರ್ಕೂರು ಕಡೆಯ ಅಂತೋನಿಯವರದು. ಐವತ್ತೊಂದನೆಯ ವಯಸ್ಸಿನಲ್ಲಿ ಟೆಲಿಕಾಂ ಕೆಲಸ ಹೋದ ಮೇಲೆ ಇಲ್ಲಿ ಮಾಲಿ, ಕಾವಲುಗಾರ, ಗಂಟೆಯಾಳು ಎಲ್ಲವೂ ಅವರೇ. ಊರಿಗೆ ಫೋನ್ ಮಾಡಿದಾಗ ಮಾತ್ರ, "ನಾನು ಕೋಟೆಯ ಇನ್‌ಚಾರ್ಜ್."

"ಸೈನ್ಯ ಎಷ್ಟುಂಟು ಅಂತ ಕೇಳಿದ್ರೆ, ಒಂದು ಹುಲ್ಲು ಕತ್ತರಿಸುವ ಮಿಷನ್ ಅಂತ ಹೇಳಿ ಮಾರಾಯ್ರೇ," ಎಂದು ಹೆಂಡತಿ ಹಿಲ್ಡಾ ಅಡುಗೆಮನೆಯಿಂದ ಕೂಗುವರು.

ಇಲ್ಲಿ ಯಾರಾದರೂ ಸತ್ತರೆ ಮರುದಿನ ಹನ್ನೊಂದಕ್ಕೆ ಅವರ ಹೆಸರಿನಲ್ಲಿ ಗಂಟೆ ಬಾರಿಸುವುದು ಪದ್ಧತಿ. ಬೇರೆ ಕಡೆ ಅದಕ್ಕೆ ಸ್ವಿಚ್ಚು. ಇಲ್ಲಿ ಇನ್ನೂ ಹಗ್ಗ. ಎಳೆಯುವ ಲಯವನ್ನು ಅಂತೋನಿಯವರಿಗೆ ಕಲಿಸಿದ್ದು ತೊಂಬತ್ತೊಂದರ ಗುನ್‌ಬೋರಿ ಅಜ್ಜಿ. ಫೀಕಾ ಎಂದು ಇಲ್ಲಿಯವರು ಕರೆಯುವ ಬಿಡುವಿನ ಹೊತ್ತಿನ ಕಾಫಿ ಕುಡಿಯುವಾಗಲೆಲ್ಲ ಆಕೆಯದು ಒಂದೇ ಮಾತು: "ನನ್ನ ಗಂಟೆ ನೀನೇ ಎಳೀಬೇಕು. ನಂಗೆ ಬೇರೆ ಯಾರಿದ್ದಾರೆ?" ಅಂತೋನಿ ಎದೆ ಮುಟ್ಟಿ ಮಾತು ಕೊಟ್ಟಿದ್ದರು.

ಮಾರ್ಚಿನಲ್ಲಿ ಗೋಪುರ ಬಿರುಕು ಬಿಟ್ಟಿತು. ನಗರದ ಚರ್ಚ್ ಕಚೇರಿಯಿಂದ ಪತ್ರ ಬಂತು: ದುರಸ್ತಿಗೆ ಅನುದಾನವಿಲ್ಲ, ಬೀಗ ಹಾಕಿ. ಇಷ್ಟೇ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ಅವರೆಂಥ ಇನ್‌ಚಾರ್ಜ್? ಹಳೆಯ ಬೀಗ ಸಾಲದೆಂದು ಹೊಸದು ತರಿಸಿದರು. ಹಿಂಬಾಗಿಲಿಗೆ ಕಬ್ಬಿಣದ ಪಟ್ಟಿ ಹೊಡೆಸಿದರು. ಎರಡೂ ಕೀಲಿಗಳನ್ನು ಖುದ್ದಾಗಿ ಒಯ್ದು ಒಪ್ಪಿಸಿ ರಸೀದಿ ಪಡೆದರು. ಹನ್ನೆರಡು ಫೋಟೋಗಳ ವರದಿ ಬೇರೆ. ಕಚೇರಿಯ ಮೆಚ್ಚುಗೆಯ ಮೇಲ್ ಪ್ರಿಂಟಾಗಿ ಫ್ರಿಜ್ಜಿನ ಬಾಗಿಲೇರಿತು.

"ಒಂದು ಕೀಲಿ ಇಟ್ಕೊಳ್ಳಿಕ್ಕೆ ಆಗ್ತಿರ್ಲಿಲ್ವಾ?" ಎಂದರು ಹಿಲ್ಡಾ.

"ರೂಲ್ಸ್ ಅಂದ್ರೆ ರೂಲ್ಸ್, ಹಿಲ್ಡಾ."

ಬೀಗ ಬಿದ್ದ ಮೂರನೆಯ ವಾರ ಗುನ್‌ಬೋರಿ ಅಜ್ಜಿ ತೀರಿಕೊಂಡರು.

ಅಂತೋನಿ ಕಚೇರಿಗೆ ಫೋನ್ ಹಚ್ಚಿ ಅಂಗಲಾಚಿದರು. ಹತ್ತೇ ನಿಮಿಷ, ಗೋಪುರ ಬಿದ್ದರೆ ನನ್ನ ತಲೆಯ ಮೇಲೆ ಬೀಳಲಿ ಎಂದರು. ಆ ಕಡೆಯ ಹುಡುಗಿ ಬಹಳ ಮರ್ಯಾದಸ್ಥೆ. ಅರ್ಜಿ ಹಾಕಿದರೆ ಆರು ವಾರದಲ್ಲಿ ಉತ್ತರ ಬರುತ್ತದೆ. ಹೇಗೂ ನಾಳೆ ಇಪ್ಪತ್ತು ಕಿಲೋಮೀಟರ್ ಆಚೆಯ ದೊಡ್ಡ ಚರ್ಚಿನಲ್ಲಿ ಅಜ್ಜಿಯ ಹೆಸರಿಗೆ ಸ್ವಿಚ್ ಒತ್ತುತ್ತೇವೆ ಎಂದಳು. "ಮತ್ತೆ, ಯಾವ ಕಾರಣಕ್ಕೂ ಯಾರನ್ನೂ ಒಳಗೆ ಬಿಡಬಾರದು ಅಂತ ನಿಮ್ಮ ವರದಿಯಲ್ಲಿ ನೀವೇ ಬರೆದಿದ್ದೀರಲ್ಲ?"

ಬರೆದಿದ್ದರು. ಕೆಳಗೆ ಗೆರೆಯನ್ನೂ ಎಳೆದಿದ್ದರು.

ಮರುದಿನ ಹನ್ನೊಂದಕ್ಕೆ ಗಂಡ ಹೆಂಡತಿ ಇಬ್ಬರೂ ಗೋಪುರದ ಬಾಗಿಲ ಮುಂದೆ ನಿಂತರು. ಅಂತೋನಿ ಟೋಪಿ ತೆಗೆದು ಕಿವಿಗೊಟ್ಟರು. ಗಾಳಿ ಕಡಲಿನಿಂದ ಬೀಸುತ್ತಿತ್ತು.

"ಎಂತಾದ್ರೂ ಕೇಳ್ತದಾ?" ಎಂದರು ಹಿಲ್ಡಾ.

"ಇಲ್ಲ."

ಹತ್ತು ನಿಮಿಷ ಪೂರ್ತಿ ನಿಂತರು. ಅಂತೋನಿಯವರ ಬಲಗೈ ಆಗಾಗ ತನ್ನಷ್ಟಕ್ಕೇ ಮೇಲೇರಿ ಇಳಿಯುತ್ತಿತ್ತು. ಹಿಲ್ಡಾ ನೋಡಿಯೂ ನೋಡದಂತಿದ್ದರು. ಹೊರಡುವಾಗ ಅಂತೋನಿ ಅಭ್ಯಾಸಬಲದಿಂದ ಬೀಗವನ್ನೊಮ್ಮೆ ಜಗ್ಗಿ ನೋಡಿದರು.

ಜಪ್ಪಯ್ಯ ಎಂದರೂ ಅಲುಗಲಿಲ್ಲ.