ತುಳಜಾಬಾಯಿ ಸಾರಿಸಿದ ಗೋಡೆ

ಉದಗೀರದ ಮುಸಾಫಿರಖಾನೆಯಲ್ಲಿ ತಂಗಿದವರು ಇನ್ನೂ ಮುಸುಕು ತೆಗೆದಿಲ್ಲ. ತುಳಜಾಬಾಯಿ ಆಗಲೇ ಮೊಣಕೈತನಕ ಸೆಗಣಿಮಣ್ಣು ಮಾಡಿಕೊಂಡು ಪಡಸಾಲೆಯ ಗೋಡೆ ಸಾರಿಸುತ್ತಿದ್ದಾರೆ. ನಾವು ಬರುತ್ತೇವೆ, ಗೋಡೆಗೆ ಒರಗಿ ಎಲೆಯಡಿಕೆ ಹಾಕುತ್ತೇವೆ, ಎದ್ದು ಹೋಗುತ್ತೇವೆ. ಸಾರಿಸಿದವರು ಯಾರೆಂದು ಕೇಳುವ ಪುರುಸೊತ್ತು ಯಾರಿಗಿದೆ ಹೇಳಿ.

ಇವರು ಬೀರಪ್ಪ ದೇವರ ಒಕ್ಕಲು. ಕುರಿ ಕಾಯುತ್ತಿದ್ದ ಗಂಡ ಅಮೋಘಸಿದ್ಧ ದೊಡ್ಡ ಜ್ವರದ ವರ್ಷ ತೀರಿಕೊಂಡರು. ಹೆಸರು ಹೇಳಿದ್ದು ಇಲ್ಲಿಯ ಕಾವಲುಗಾರ. ಗಂಡನ ಹೆಸರು ತುಳಜಾಬಾಯಿಯ ಬಾಯಲ್ಲಿ ಬರುವುದಿಲ್ಲ.

ಅದೇ ವರ್ಷದ ಮಳೆಗಾಲದಲ್ಲಿ, ಗಂಡ ಇನ್ನೂ ಇದ್ದಾಗ, ಹೈದರಾಬಾದಿಗೆ ಹೊರಟ ಚಿತ್ರಕಾರನೊಬ್ಬನ ಬಂಡಿಯ ಅಚ್ಚು ಇಲ್ಲೇ ಮುರಿಯಿತು. ನೆನೆದ ಚಿತ್ರಗಳನ್ನು ಒಣಗಲೆಂದು ಆತ ಪಡಸಾಲೆಯಲ್ಲಿ ಸಾಲಾಗಿ ಒರಗಿಸಿಟ್ಟ. ಊರಿಗೆ ಊರೇ ನೋಡಲು ಬಂತು. ಡಂಗುರವಿಲ್ಲ, ಆಮಂತ್ರಣವಿಲ್ಲ, ದೊಡ್ಡ ಪ್ರದರ್ಶನವೇ ಆಗಿಹೋಯಿತು.

"ಒಂದು ಟಗರಿನ ಚಿತ್ರ ಬರದಿದ್ದಾ ನೋಡ್ರಿ, ಮುಟ್ಟಿದ್ರ ಬೆಚ್ಚಗ ಇರ್ತದ ಅನ್ನಸ್ತಿತ್ತು," ಎನ್ನುತ್ತಾರೆ ತುಳಜಾಬಾಯಿ. " ನಮ್ಮ ಮನಿಯವರನ್ನ ಕರಕೊಂಡು ಬಂದೆ. ಇದು ನಮ್ಮ ಹಟ್ಟೀದೇ ಅಂತ ನಿಂತುಬಿಟ್ರು. ಚಿತ್ರಕಾರ ನಕ್ಕ. ಒಲಿಯಾಗಿನ ಇದ್ದಲಿ ತಗೊಂಡು ಗ್ವಾಡಿ ಮ್ಯಾಲ ಅವರ ಮಾರಿನೇ ಬರದಾ."

ಬಂಡಿ ಹೋಯಿತು, ಮುಖ ಉಳಿಯಿತು. ಬಂದ ಮುಸಾಫಿರರೆಲ್ಲ ನಿಂತು ನೋಡುವವರೇ. ದೃಷ್ಟಿ ತಾಗೀತೆಂದು ತುಳಜಾಬಾಯಿಗೆ ಅಂಜಿಕೆ ಹತ್ತಿತು.

"ಇಷ್ಟು ಮಂದಿ ನೋಡಿದ್ರ ನದರ ಆಗಂಗಿಲ್ಲೇನ್ರೀ? ಮಾನೋಮಿ ಅಮಾಸಿಗಿ ಎಲ್ಲಾ ಗ್ವಾಡಿ ಸಾರಸೂದಿತ್ತು. ಅದರ ಮ್ಯಾಲೂ ಕೈ ಆಡಿಸಿಬಿಟ್ಟೆ."

ದೀಪಾವಳಿಯ ಹೊತ್ತಿಗೆ ಅಮೋಘಸಿದ್ಧ ಇರಲಿಲ್ಲ. ಗಂಡನ ದಿನ ಮಾಡಿದ ಮೇಲೆ ತುಳಜಾಬಾಯಿ ಉಗುರಿನಿಂದ ಗೋಡೆ ಕೆದರಿದರು. ಮಣ್ಣು ಹಕ್ಕಳೆಯಾಗಿ ಎದ್ದುಬಂತು, ಇದ್ದಲಿಯೂ ಅದರ ಜೊತೆಗೇ ಬಂತು.

"ಅಂಗೈ ತುಂಬ ಮಸಿ ಆತ್ರೀ. ಮಾರಿ ಇಲ್ಲ."

ಅವರ ಜೀವ ಉಳಿಯಲೆಂದೇ ಮಾಡಿದ್ದಲ್ಲವೇ, ಬಾಯಿ, ಎನ್ನುತ್ತೇನೆ.

"ಖರೇ ಅದರೀ. ಆದ್ರ ಸಾರಿಸಿದ್ದು ನನ್ನ ಕೈನೇ ಅಲ್ಲೇನು," ಎಂದು ಅವರು ಮತ್ತೆ ಸೆಗಣಿ ಕಲಸುತ್ತಾರೆ. ಬಿಸಿಲೇರುವುದರೊಳಗೆ ಕಟ್ಟೆ ಸಾರಿಸುವುದೂ ಮುಗಿಯಬೇಕು.

ನನ್ನ ಗಾಡಿ ಹೊರಡುವಾಗ ಕೈ ತೊಳೆದುಕೊಂಡು ಹತ್ತಿರ ಬರುತ್ತಾರೆ.

"ಹೈದರಾಬಾದಿಗಿ ಹೊಂಟೀರಿ ಅಲ್ರೀ ಸಾಹೇಬ್ರ. ಆ ಚಿತ್ರಕಾರ ಸಿಕ್ಕರ ಒಂದು ಮಾತು ಕೇಳ್ರಿ. ನಮ್ಮ ಮನಿಯವರ ಮಾರಿ ಅವಗ ನೆನಪದ ಏನಂತ. ನನಗ ಮೀಸಿ ನೆನಪದ, ಮೂಗ ನೆನಪದ. ಕಣ್ಣು ನೆನಪ ಬರವಲ್ದು."