ಆಯಮ್ಮನ ಬಿನ್ನವತ್ತಳೆ

ನನ್ನ ಕಾದಂಬರಿ ಪ್ರಕಾಶಕರಿಂದ ಮೂರನೆಯ ಸಲ ವಾಪಸು ಬಂದ ಮೇಲೆ ನಾನು ಬರೆಯುವುದನ್ನು ಬಿಟ್ಟೆ. ಬಿಟ್ಟೆ ಎಂದರೆ ಡಂಗುರ ಸಾರಿ ಬಿಟ್ಟದ್ದಲ್ಲ. ಹಸ್ತಪ್ರತಿಯನ್ನು ಹಳೆಯ ಪಂಚೆಯಲ್ಲಿ ಸುತ್ತಿ ಬೀರುವಿನ ಮೇಲಿಟ್ಟೆ, ಅಷ್ಟೇ. ಎರಡು ವರ್ಷ ಅದರ ಮೇಲೆ ಧೂಳು ಕೂತಿತು. ಈ ನಡುವೆ ನಾನು ಮಾಡದ ಉಪಾಯವಿಲ್ಲ. ಹೊಸ ಪೆನ್ನು ಕೊಂಡೆ. ಬೆಳಿಗ್ಗೆ ಐದಕ್ಕೆ ಎದ್ದು ಕೂತು ತೂಕಡಿಸಿದೆ. ಚಂದ್ರವಳ್ಳಿಗೆ ಹೋಗಿ ಗುಹೆಗಳ ಹತ್ತಿರ ಒಬ್ಬನೇ ಕೂತರೆ ಸ್ಫೂರ್ತಿ ಬರುತ್ತದೆ ಎಂದು ಸ್ನೇಹಿತರೊಬ್ಬರು ಹೇಳಿದರು. ಹೋಗಿ ಕೂತೆ. ಬಂದದ್ದು ಕೋತಿ. ಚೀಲದಲ್ಲಿದ್ದ ಕೋಡುಬಳೆ ಪೊಟ್ಟಣ ಕಿತ್ತುಕೊಂಡು ಹೋಯಿತು.

ನಾನು ಹೊಳಲ್ಕೆರೆ ತಾಲ್ಲೂಕಿನಲ್ಲಿ, ರಾಮಗಿರಿ ಕಡೆಯ ಒಂದು ಹೈಸ್ಕೂಲಿನ ಕನ್ನಡ ಮೇಷ್ಟ್ರು. ಕನ್ನಡ ಮೇಷ್ಟ್ರು ಎಂದ ಮೇಲೆ ಬಿನ್ನವತ್ತಳೆ ಹೆಗಲಿಗೆ ಬಿದ್ದ ಹಾಗೆಯೇ. ನಿವೃತ್ತರಾಗುವವರನ್ನು ಹೊಗಳಿ ಬರೆದು, ಅಚ್ಚು ಹಾಕಿಸಿ, ಗಾಜಿನ ಫ್ರೇಮು ಹಾಕಿಸಿ, ಸಭೆಯಲ್ಲಿ ಓದಿ ಅವರ ಕೈಗಿಡುವ ಪತ್ರ ಅದು. ಮೊದಲನೆಯದನ್ನು ನಿಜಕ್ಕೂ ಕೂತು ಬರೆದಿದ್ದೆ. ಬರವಣಿಗೆಯೇ ಬೇಡವೆನಿಸಿದ ಮೇಲೆ ಅದನ್ನೇ ಎಲ್ಲರಿಗೂ ಓಡಿಸಿದೆ. ‘ಸಹನೆಯ ಖನಿಯೇ, ಜ್ಞಾನದ ದೀವಿಗೆಯೇ, ತಮ್ಮ ಪಾಠ ಕೇಳಿದ ಮಕ್ಕಳೇ ಧನ್ಯರು’ ಎಂದು ಶುರುವಾಗಿ ಒಂದು ಪುಟ ಹರಿಯುತ್ತಿತ್ತು. ಚಿತ್ರದುರ್ಗದ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಅದು ಸಿದ್ಧವಾಗಿಯೇ ಇತ್ತು. ಫೋನು ಮಾಡಿ ‘ಹೆಸರು ಬದಲಾಯಿಸಿ’ ಎಂದರೆ ಆಯಿತು.

ನಮ್ಮ ಗುಮಾಸ್ತರು ನಿವೃತ್ತರಾದಾಗಲೂ ಅದನ್ನೇ ಓದಿದೆ. ಅವರು ಜನ್ಮದಲ್ಲಿ ಒಂದು ಪಾಠ ಮಾಡಿದವರಲ್ಲ. ‘ತಮ್ಮ ಪಾಠ ಕೇಳಿದ ಮಕ್ಕಳೇ ಧನ್ಯರು’ ಎಂದು ಓದಿ ಸಭೆಯತ್ತ ಕಣ್ಣು ಹಾಯಿಸಿದೆ. ಯಾರೂ ಕತ್ತೆತ್ತಲಿಲ್ಲ. ಚಪ್ಪಾಳೆ ಬಿತ್ತು, ಗುಮಾಸ್ತರು ಕಣ್ಣೊರೆಸಿಕೊಂಡರು. ಬಚಾವಾದೆ ಎಂದು ಸಂತೋಷವಾಗಬೇಕಿತ್ತು, ಆಗಲಿಲ್ಲ. ಯಾರೂ ಕೇಳಿಸಿಕೊಳ್ಳುವುದೇ ಇಲ್ಲವೆಂದ ಮೇಲೆ ಬರೆದರೆಷ್ಟು, ಬಿಟ್ಟರೆಷ್ಟು ಎಂಬುದು ಆ ದಿನ ಖಾತ್ರಿಯಾಯಿತು.

ಕಳೆದ ವರ್ಷ ಶಾಲೆಯ ಆಯಮ್ಮನ ಸರದಿ ಬಂತು. ಗಂಟೆ ಹೊಡೆಯುವುದು, ಕಸ ಗುಡಿಸುವುದು, ನೀರು ತುಂಬಿಸುವುದು, ಸಭೆಗಳಲ್ಲಿ ಹಿಂದೆ ನಿಂತು ಟೀ ಹಂಚುವುದು ಆಕೆಯ ಕೆಲಸ. ಸಹಿ ಹಾಕಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಒಂದು ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ನಾನೊಬ್ಬನೇ ಇದ್ದಾಗ ಬಾಗಿಲಲ್ಲಿ ಬಂದು ನಿಂತಳು.

“ಮೇಷ್ಟ್ರೇ, ಒಂದ್ ಮಾತು. ಬೇಜಾರು ಮಾಡ್ಕಬಾರ್ದು.”

“ಹೇಳಮ್ಮ.”

“ನಂಗೂ ಅದನ್ನೇ ಓದ್ತೀರೇನ್ರಿ? ಸಹನೆಯ ಖನಿಯೇ, ಜ್ಞಾನದ ದೀವಿಗೆಯೇ ಅಂತ?”

ನಾನು ಬಾಯಿ ತೆರೆಯುವ ಮೊದಲೇ ಇಡೀ ಬಿನ್ನವತ್ತಳೆಯನ್ನು ನನ್ನದೇ ರಾಗದಲ್ಲಿ ಒಪ್ಪಿಸಿಬಿಟ್ಟಳು. ಒಂದು ಶಬ್ದ ತಪ್ಪಲಿಲ್ಲ.

“ಗುಮಾಸ್ತ್ರು ಯಾವ ಪಾಠ ಮಾಡಿದ್ರು ಮೇಷ್ಟ್ರೇ? ಟೀ ತಟ್ಟೆ ಹಿಡ್ಕಂಡು ನಿಂತಿದ್ದೆ, ನಗು ತಡ್ಕಳಾಕೆ ಆಗ್ಲಿಲ್ಲ. ನಂಗೆ ಸಹನೆ ಗಿಹನೆ ಏನೂ ಇಲ್ಲ ಬಿಡ್ರಿ. ನಾ ಮಾಡಿದ್ದನ್ನ ಬರೀರಿ. ಆಗ್ದಿದ್ರೆ ಬ್ಯಾಡ, ಒಂದ್ ಹಾರ ಹಾಕಿ ಕಳಿಸ್ರಿ.”

ಮೈಯೆಲ್ಲ ಉರಿದುಹೋಯಿತು. ಸಂಜೆ ಮನೆಗೆ ಬಂದು ಹೆಂಡತಿಯ ಮುಂದೆ ಹಾರಾಡಿದೆ. ಅವಳು ಅವರೆಕಾಯಿ ಸುಲಿಯುತ್ತ ಕೇಳಿದಳು: “ಕೇಳೋರೇ ಇಲ್ಲ ಅಂತ ಎರಡು ವರ್ಷ ಗೋಳಾಡಿದ್ರಿ. ಈಗ ಒಬ್ರು ಸಿಕ್ಕಾರೆ. ಅದಕ್ಕೂ ಸಿಟ್ಟಾ?”

ಭಾನುವಾರ ಕಾಗದ ಹಿಡಿದು ಕೂತೆ. ‘ಗಂಟೆ ಹೊಡೆದವರು’ ಎಂಬಲ್ಲಿಗೆ ಪೆನ್ನು ನಿಂತಿತು. ಒಂಬತ್ತು ವರ್ಷ ಒಂದೇ ಕಟ್ಟಡದಲ್ಲಿದ್ದೂ ಆಕೆಯ ಬಗ್ಗೆ ನನಗೆ ಗೊತ್ತಿದ್ದದ್ದು ಒಂದೇ ಸಂಗತಿ: ಬೆಳಗಿನ ಗಂಟೆಯನ್ನು ಹೊತ್ತಿಗೆ ಸರಿಯಾಗಿ ಹೊಡೆಯುವುದಿಲ್ಲ. ಹೆಡ್ಮಾಸ್ಟರಿಗೆ ನಾನೇ ಎರಡು ಸಲ ದೂರು ಕೊಟ್ಟಿದ್ದೆ.

ಸೋಮವಾರ ಬೇಗ ಹೋಗಿ ಆಕೆಯ ಪಕ್ಕದಲ್ಲೇ ನಿಂತೆ. ನಮ್ಮ ಶಾಲೆಯ ಗಂಟೆ ಎಂದರೆ ಬೇವಿನ ಮರಕ್ಕೆ ತೂಗುಹಾಕಿದ ರೈಲುಕಂಬಿಯ ತುಂಡು. ಹತ್ತಾಯಿತು. ಕೈಯಲ್ಲಿ ಸುತ್ತಿಗೆ ಹಿಡಿದುಕೊಂಡೂ ಆಕೆ ಹೊಡೆಯಲಿಲ್ಲ. ಕೆರೆ ಏರಿಯ ಕಡೆ ನೋಡುತ್ತಿದ್ದಳು.

“ಹತ್ತಾಯ್ತಲ್ಲಮ್ಮ.”

“ತಡೀರಿ. ಅಲ್ನೋಡ್ರಿ, ಹಟ್ಟಿ ಮಕ್ಳು. ಇನ್ನೂ ಏರಿ ಮ್ಯಾಲೆ ಅವೆ.”

ಆಚೆಯ ಹಟ್ಟಿಯ ನಾಲ್ಕೈದು ಮಕ್ಕಳು ಚೀಲ ಕುಣಿಸುತ್ತ ಓಡಿ ಬರುತ್ತಿದ್ದವು. ಕೊನೆಯ ಹುಡುಗಿ ಗೇಟಿನೊಳಗೆ ಕಾಲಿಟ್ಟ ಮೇಲೆ ಆಯಮ್ಮ ಸುತ್ತಿಗೆ ಎತ್ತಿದಳು.

“ದಿನಾ ಹಿಂಗೇನಾ?” ಎಂದೆ.

“ದಿನಾ ಹಿಂಗೇ. ಬೆಲ್ ಆದ್ಮ್ಯಾಲೆ ಬಂದೋರ್ನ ಬಿಸಿಲಾಗೆ ನಿಲ್ಲಿಸ್ತಾರಲ್ರಿ.”

ಯಾರು ನಿಲ್ಲಿಸುತ್ತಾರೆಂದು ಹೇಳಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನೇ ತಲೆ ತಗ್ಗಿಸಿದೆ. ತಡವಾಗಿ ಬಂದವರನ್ನು ಗೇಟಿನ ಹತ್ತಿರ ನಿಲ್ಲಿಸುವ ಶಿಸ್ತನ್ನು ಆ ಶಾಲೆಗೆ ತಂದವನು ನಾನು. ಬಹಳ ನಾಚಿಕೆಯಾಯಿತು.

ಆ ವಾರವೆಲ್ಲ ನೋಟ್‌ಬುಕ್ಕು ಹಿಡಿದು ಆಕೆಯ ಹಿಂದೆ ಸುತ್ತಿದೆ. “ಕಾಲಿಗೆ ಅಡ್ಡ ಬರಬ್ಯಾಡ್ರಿ ಮೇಷ್ಟ್ರೇ, ಅತ್ಲಾಗೆ ಕುಂತ್ಕಳ್ರಿ” ಎಂದು ಬೈಸಿಕೊಂಡೆ. ಶನಿವಾರ ಮಧ್ಯಾಹ್ನ ಬರೆಯಲು ಕೂತವನು ಏಳುವ ಹೊತ್ತಿಗೆ ಟೀ ಆರಿ ಕೆನೆಗಟ್ಟಿತ್ತು. ಖನಿ, ದೀವಿಗೆ ಒಂದೂ ಇರಲಿಲ್ಲ. ಸುತ್ತಿಗೆ ಇತ್ತು, ಕೆರೆ ಏರಿ ಇತ್ತು, ಮಕ್ಕಳನ್ನು ಬಿಸಿಲಲ್ಲಿ ನಿಲ್ಲಿಸುವ ಒಬ್ಬ ಮೇಷ್ಟ್ರೂ ಇದ್ದ.

ಸಭೆಯಲ್ಲಿ ಅದನ್ನು ಓದಿದೆ. ಆಯಮ್ಮ ಮೊದಲ ಸಲ ವೇದಿಕೆಯ ಮೇಲೆ ಕುರ್ಚಿಯಲ್ಲಿ ಕೂತಿದ್ದಳು. ಗಂಟೆಯ ವಿಷಯ ಬಂದಾಗ ಹೆಡ್ಮಾಸ್ಟರು ವಾಚು ನೋಡಿಕೊಂಡರು. ಹಿಂದಿನ ಸಾಲಿನಲ್ಲಿ ಹಟ್ಟಿಯ ಮಕ್ಕಳು ಒಬ್ಬರನ್ನೊಬ್ಬರು ತಿವಿದುಕೊಂಡು ನಕ್ಕವು. ಆಯಮ್ಮನ ಮುಖದಲ್ಲಿ ಮಾತ್ರ ಏನೂ ಕಾಣಲಿಲ್ಲ. ಪರೀಕ್ಷೆ ಬರೆದು ಹೊರಗೆ ಬಂದ ಹುಡುಗನಷ್ಟೇ ಭಯ ನನಗಿತ್ತು.

ಎಲ್ಲರೂ ಉಪ್ಪಿಟ್ಟಿಗೆ ಹೋದ ಮೇಲೆ ಆಕೆ ಫ್ರೇಮು ಎದೆಗವಚಿಕೊಂಡು ಬಂದಳು.

“ಇನ್ನೊಂದ್ಸಲ ಓದ್ರಿ.”

ಓದಿದೆ. ‘ಮಕ್ಕಳಿಗಾಗಿ ಎರಡು ನಿಮಿಷ ಕಾದವರು’ ಎಂಬಲ್ಲಿ ಕೈ ಎತ್ತಿ ತಡೆದಳು.

“ಎರಡಲ್ರಿ, ನಾಕು. ಮಳೆಗಾಲ್ದಾಗೆ ಇನ್ನೂ ಜಾಸ್ತಿ.”

“ಗಾಜಿನ ಒಳಗೆ ಹೋಗೈತಲ್ಲಮ್ಮ. ಬೇರೆ ಅಚ್ಚು ಹಾಕಿಸ್ತೀನಿ.”

“ಬ್ಯಾಡ ಬಿಡ್ರಿ. ಮಿಕ್ಕಿದ್ದೆಲ್ಲ ನಂದೇ ಐತೆ.”

ಮೂವರು ಪ್ರಕಾಶಕರು ಓದಿದರೋ ಇಲ್ಲವೋ ಗೊತ್ತಿಲ್ಲ, ಓದು ಬಾರದ ಈಕೆ ನನ್ನ ಒಂದೊಂದು ಸಾಲನ್ನೂ ಕೇಳಿ ತಪ್ಪು ಹಿಡಿದಿದ್ದಳು.

ಮನೆಗೆ ಬಂದವನೇ ಸ್ಟೂಲು ಹಾಕಿ ಬೀರುವಿನ ಮೇಲಿನ ಗಂಟು ಇಳಿಸಿದೆ. ನನ್ನ ಕಾದಂಬರಿಯೂ ಒಂದು ಹಳ್ಳಿ ಶಾಲೆಯಲ್ಲೇ ಶುರುವಾಗುತ್ತದೆ. ಮೊದಲ ಸಾಲು: ‘ಶಾಲೆಯ ಗಂಟೆ ಸರಿಯಾಗಿ ಹತ್ತಕ್ಕೆ ಬಾರಿಸಿತು.’ ‘ಸರಿಯಾಗಿ ಹತ್ತಕ್ಕೆ’ ಎಂಬುದನ್ನು ಹೊಡೆದುಹಾಕಿ ‘ಹತ್ತು ಗಂಟೆ ನಾಲ್ಕು ನಿಮಿಷಕ್ಕೆ’ ಎಂದು ಬರೆದೆ. ಹಾಗೆ ಬರೆದ ಮೇಲೆ ಯಾಕೆ ತಡವಾಯಿತೆಂದು ಹೇಳಬೇಕಲ್ಲ. ಮುಂದಿನ ಸಾಲು ಬರೆಯಲು ಕೂತೆ.